ತಲೆಗಿಷ್ಟು ನೆಲ

“ಪೂಜೆ ಮಾಡಿ, ಬೇಡ ಅಂತ ನಾನು ಹೇಳುದಿಲ್ಲ. ಮಗುವಿನ ಹೆಸರು ಮಾತ್ರ ಆ ನೆಲದ ಮೇಲೆ ಹೇಳ್ಲಿಕ್ಕೆ ಹೋಗ್ಬೇಡಿ, ಆಯ್ತಾ?”

ಬೇಲಿಯ ಆಚೆ ನಿಂತು ಡುಲ್ಸಿನ್ ಆಂಟಿ ಇದನ್ನು ಹೇಳಿದಾಗ ಗುರುದತ್ ಕಾರಿನ ಡಿಕ್ಕಿಯಿಂದ ಪೂಜೆಯ ಇಟ್ಟಿಗೆಗಳನ್ನು ಇಳಿಸುತ್ತಿದ್ದ. ಭಾನುವಾರ ಬೆಳಗಿನ ಎಂಟು ಗಂಟೆಗೇ ಪರ್ತ್‌ನ ಥಾರ್ನ್ಲಿಯಲ್ಲಿ ಬಿಸಿಲು ಚುರುಗುಟ್ಟುತ್ತಿತ್ತು. ಆಂಟಿ ಉಡುಪಿ ಕಡೆಯವರು, ಕುವೈತಿನಲ್ಲಿ ಇಪ್ಪತ್ತು ವರ್ಷ ದುಡಿದು ಇಲ್ಲಿಗೆ ಬಂದು ನೆಲೆಸಿದವರು. ಚರ್ಚಿಗೆ ಹೊರಟಿದ್ದರು, ಎಂದಿನಂತೆ ಒಬ್ಬರೇ. ಗಂಡ ಇಸಿದೋರ್ ಅಂಕಲ್ ಹಿಂದೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಸುಮ್ಮನೆ ನೆಲ ನೋಡುತ್ತಿದ್ದರು.

“ಯಾಕೆ ಆಂಟಿ, ಹೆಸರು ಹೇಳಿದ್ರೆ ದೆವ್ವ ಬಂದು ಅಟೆಂಡೆನ್ಸ್ ತಗೊಳುತ್ತಾ?”

ಆಂಟಿ ನಗಲಿಲ್ಲ. “ತಗೊಳ್ತದೆ,” ಎಂದು ಮೆಲ್ಲಗೆ ಹೇಳಿ, ಶಿಲುಬೆಯ ಗುರುತು ಮಾಡಿಕೊಂಡು ಕಾರು ಹತ್ತಿದರು.

ಗುರುದತ್ ಹೆಂಡತಿ ಇಂದುಮತಿಯತ್ತ ನೋಡಿ ಕಣ್ಣು ಮಿಟುಕಿಸಿದ. ಅವನಿಗೆ ನಿಜವಾಗಿ ನಗುವ ಶಕ್ತಿಯೂ ಇರಲಿಲ್ಲ. ಬೆಕ್ಕು ತನ್ನ ಮರಿಗಳನ್ನು ಏಳು ಮನೆ ಸುತ್ತಿಸುತ್ತದಂತೆ. ಇವನು ಒಂಬತ್ತು ವರ್ಷದಲ್ಲಿ ಹನ್ನೊಂದು ಸುತ್ತಿಸಿದ್ದ. ಅಡಿಲೇಡ್‌ನ ಬೆಡ್‌ಫರ್ಡ್ ಪಾರ್ಕಿನಲ್ಲಿ ನಾಲ್ಕು, ಬ್ರಿಸ್ಬೇನ್‌ನ ಎಯ್ಟ್ ಮೈಲ್ ಪ್ಲೇನ್ಸ್‌ನಲ್ಲಿ ಮೂರು, ಇಲ್ಲಿ ನಾಲ್ಕು. ಎಲ್ಲವೂ ಬಾಡಿಗೆ ಮನೆ. ಮೂರು ತಿಂಗಳಿಗೊಮ್ಮೆ ಏಜೆಂಟ್ ಬಂದು ಒಲೆಯ ಜಿಡ್ಡಿನ ಫೋಟೋ ತೆಗೆದುಕೊಂಡು ಹೋಗುತ್ತಿದ್ದಳು. ಮನೆ ಬದಲಿಸಲು ಬೇಕಾಗುತ್ತದೆಂದು ಕಾರ್ಟನ್ ಪೆಟ್ಟಿಗೆಗಳನ್ನು ಅವನು ಯಾವತ್ತೂ ಎಸೆಯುತ್ತಿರಲಿಲ್ಲ, ಮಡಚಿ ಮಂಚದ ಕೆಳಗೆ ಇಡುತ್ತಿದ್ದ. ಎಂಟು ವರ್ಷದ ಮಗಳು ನಿಖಿತಾ ಗೋಡೆಗೆ ಚಿತ್ರ ಅಂಟಿಸುವುದನ್ನೇ ಬಿಟ್ಟಿದ್ದಳು. “ವಿ ವಿಲ್ ಮೂವ್ ಎನಿವೇ, ಡ್ಯಾಡ್,” ಅಂದಿದ್ದಳು ಒಮ್ಮೆ. ಆ ಮಾತು ಅವನ ಎದೆಯಲ್ಲಿ ಮುಳ್ಳಾಗಿ ಉಳಿದಿತ್ತು. ಅದಕ್ಕೇ ಸ್ವಂತ ಮನೆಗೆಂದು ಈ ಸೈಟು ಕೊಂಡಿದ್ದ. ಇನ್ನು ನಾವು ಎಲ್ಲಿಗೂ ಹೋಗೋದಿಲ್ಲ ಎಂದು ಅವಳಿಗೆ ಮಾತು ಕೊಟ್ಟಿದ್ದ.

ಭೂಮಿಪೂಜೆ ಇಂದುಮತಿಯ ಆಸೆ. ಪುರೋಹಿತರು ಬ್ರಿಸ್ಬೇನ್‌ನಲ್ಲಿದ್ದರು. ನಾಗರಾಜ ಶಾಸ್ತ್ರಿಗಳದ್ದು ವಾರವಿಡೀ ಸಾಫ್ಟ್‌ವೇರ್ ಟೆಸ್ಟಿಂಗ್, ಶನಿವಾರ ಭಾನುವಾರ ಪೌರೋಹಿತ್ಯ. ಇಟ್ಟಿಗೆಗೆ ಒರಗಿಸಿಟ್ಟ ಫೋನಿನಿಂದ ಮಂತ್ರ ಬರುತ್ತಿತ್ತು, ಹಿಂದೆ ಅವರ ಮನೆಯ ವಾಷಿಂಗ್ ಮೆಷಿನ್ ಗುರುಗುಟ್ಟುತ್ತಿತ್ತು.

“ಈಗ ಸಂಕಲ್ಪ. ಗೋತ್ರ, ನಕ್ಷತ್ರ, ಎಲ್ಲರ ಹೆಸರು ಯಜಮಾನರೇ ಬಾಯಿಬಿಟ್ಟು ಹೇಳ್ಬೇಕು. ನಾನಿಲ್ಲಿಂದ ಹೇಳಿದ್ರೆ ಆಗಲ್ಲ.”

ಇಂದುಮತಿ ಗಂಡನ ತೋಳು ಹಿಡಿದಳು. “ಸಹಕುಟುಂಬ ಅಂದ್ರೆ ಸಾಕಲ್ವೇನ್ರೀ? ಆಂಟಿ ಯಾಕೋ ಅಷ್ಟು ಹೇಳಿದ್ರು. ಪಾಪು ಹೆಸರು ಬೇಡ.”

ನಂಬಿಕೆಯಿದ್ದವನಾಗಿದ್ದರೆ ಹೆದರುತ್ತಿದ್ದ. ಪೂಜೆಯಲ್ಲೇ ನಂಬಿಕೆಯಿಲ್ಲದವನಿಗೆ ಪಕ್ಕದ ಮನೆಯವರ ಭಯವೆಂದರೆ ತಮಾಷೆ. ತನ್ನ ಹೆಸರು ಹೇಳಿದ, ಹೆಂಡತಿಯದು ಹೇಳಿದ. ಆಮೇಲೆ ಬೇಲಿಯ ಕಡೆ ತಿರುಗಿ, ಇಸಿದೋರ್ ಅಂಕಲ್‌ಗೆ ಕೇಳಲೆಂದೇ ಕೂಗಿದ: “ನಿಖಿತಾ! ನಿಖಿತಾ! ನಿಖಿತಾ! ಹಾಜರ್!”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಕುರ್ಚಿಯಲ್ಲಿದ್ದ ಮುದುಕರು ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. ಬೇಲಿಯ ಮೇಲಿದ್ದ ಮ್ಯಾಗ್‌ಪೈ ಹಕ್ಕಿಗಳು ಹಾಡು ನಿಲ್ಲಿಸಿದವು. ಬೆಳಗಿನಿಂದ ಮುಖಕ್ಕೆ ಮುತ್ತುತ್ತಿದ್ದ ನೊಣಗಳೂ ಕಾಣೆಯಾದವು.

“ಡ್ಯಾಡ್,” ಎಂದಳು ನಿಖಿತಾ, ನೆಲ ನೋಡುತ್ತ. “ಸಮ್‌ಒನ್ ಕಾಲ್ಡ್ ಮಿ ಬ್ಯಾಕ್.”

ಗುರುದತ್ ಗುದ್ದಲಿ ಎತ್ತಿ ಈಶಾನ್ಯದ ಮೂಲೆಯಲ್ಲಿ ನೆಲಕ್ಕೆ ಹಾಕಿದ. ಮೂರನೇ ಏಟಿಗೆ ಟಣ್ ಎಂದಿತು. ಮರಳು ಸರಿಸಿದರೆ ಉಪ್ಪಿನಕಾಯಿ ಭರಣಿಯಂಥ ಕಂದು ಜಾಡಿ. ಗುದ್ದಲಿಯ ಏಟಿಗೆ ಅದರ ಬಾಯಿಯ ಮುಚ್ಚಳ ಹಾರಿತ್ತು. ಒಳಗಿನಿಂದ ಎದ್ದ ವಾಸನೆ ಈ ಒಣಗಿದ ಊರಿನದ್ದಲ್ಲ. ಕೊಳೆತ ಸಮುದ್ರದ ನೀರು, ಟಾರು, ಒದ್ದೆ ಮರ, ವಾಂತಿ. ಅವನು ಮೂಗು ಮುಚ್ಚಿ ಬಗ್ಗಿ ನೋಡಿದ. ಒಂದು ಹಿಡಿ ಕೆಂಚು ಕೂದಲು. ಬಗ್ಗಿಸಿದ ಗುಂಡುಸೂಜಿಗಳು. ನಾಲ್ಕು ಹಾಲುಹಲ್ಲು.

“ಮಾಟ,” ಎಂದಳು ಇಂದುಮತಿ. “ಯಾರೋ ಮಾಟ ಮಾಡ್ಸಿದಾರೆ ಕಣ್ರೀ.”

“ಆಸ್ಟ್ರೇಲಿಯಾದಲ್ಲಿ ಯಾರೇ ನಿನಗೆ ಮಾಟ ಮಾಡೋರು? ಹಳೇ ಕಾಲದ ಕಸ.” ಜಾಡಿಯನ್ನು ಕಾಲಿನಿಂದ ಗುಂಡಿಯ ಒಂದು ಬದಿಗೆ ತಳ್ಳಿದ. ಕಾಯಿ ಒಡೆದ. ಹೇಗೋ ಪೂಜೆ ಮುಗಿಸಿ ಎಲ್ಲರನ್ನೂ ಕಾರಿಗೆ ಹತ್ತಿಸಿದ.

ಬೀದಿಯ ಕೊನೆಯಲ್ಲಿ ಒಂದು ಚರಂಡಿ ಅಡ್ಡ ಹಾದುಹೋಗುತ್ತದೆ, ಮೇಲೆ ಸೇತುವೆಯಂಥ ಪುಟ್ಟ ಮೋರಿ. ಮುಂದಿನ ಗಾಲಿ ಮೋರಿ ದಾಟಿತು. ಹಿಂದಿನ ಸೀಟಿನಲ್ಲಿ ಗೊಳಕ್ ಎಂಬ ಸದ್ದು. ಕನ್ನಡಿಯಲ್ಲಿ ನೋಡಿದ. ನಿಖಿತಾಳ ಬಾಯಿಯಿಂದ ನೀರು. ಮೂಗಿನಿಂದ ನೀರು. ಕಣ್ಣು ಮೇಲಕ್ಕೆ. ಬ್ರೇಕ್ ಒತ್ತಿದ. ಇಂದುಮತಿ ಚೀರಿದಳು. ನೀರು ನಿಲ್ಲಲಿಲ್ಲ. ಅಂಗಿ ತೊಯ್ದಿತು. ಸೀಟು ತೊಯ್ದಿತು. ಉಪ್ಪು ನೀರು. ಅದೇ ನಾತ. ಅವನು ಗಾಬರಿಯಲ್ಲಿ ಹಿಂದಕ್ಕೆ ಗೇರ್ ಹಾಕಿದ. ಕಾರು ಮೋರಿಯ ಈಚೆ ಬಂತು. ನಿಖಿತಾ ಉಸಿರೆಳೆದುಕೊಂಡು ಕೆಮ್ಮಿದಳು.

ಆಸ್ತಮಾ ಅಂದುಕೊಂಡ. ಇನ್ನೇನೋ ಅಂದುಕೊಂಡ. ಆಸ್ಪತ್ರೆಗೆ ಹೋಗಬೇಕಲ್ಲ! ಮಗುವನ್ನು ಎತ್ತಿಕೊಂಡು ಓಡಿದ. ಮೋರಿ ದಾಟಿದ. ಮತ್ತೆ ನೀರು. ಈ ಸಲ ತುಟಿ ನೀಲಿ. ಕೈ ತಣ್ಣಗೆ. ಅವನ ಹೆಗಲ ಮೇಲೆ ನೀರು ಸುರಿಯಿತು. ಸುಡುವ ಬಿಸಿಲಿನಲ್ಲಿ ಅವನ ಕಿವಿಗೆ ಹಡಗಿನ ಹಲಗೆ ಕಿರುಗುಟ್ಟುವ ಸದ್ದು. ಯಾರೋ ಹೆಂಗಸು ಜೋಗುಳ ಹಾಡುವ ಸದ್ದು. ಹಿಂದಕ್ಕೆ ಓಡಿದ. ಎಡವಿದ. ಮಗುವನ್ನು ಎದೆಗವಚಿಕೊಂಡು ಮೊಣಕಾಲೂರಿ ಬಿದ್ದ. ಉಸಿರು ಬಂತು.

“ಇನ್ನೊಂದು ಸಲ ದಾಟಿಸ್ಬೇಡಿ. ಮಗು ಉಳಿಯುದಿಲ್ಲ.”

ಇಸಿದೋರ್ ಅಂಕಲ್. ದಿನಾ ಮಧ್ಯಾಹ್ನ ಅವರು ಮೋರಿಯವರೆಗೆ ನಡೆದು ಬಂದು ಅಲ್ಲಿಂದಲೇ ಹಿಂದಿರುಗುತ್ತಿದ್ದರು. ಅಂಕಲ್‌ದು ಐವತ್ತು ಹೆಜ್ಜೆಯ ವಾಕಿಂಗ್ ಎಂದು ಸೈಟು ನೋಡಲು ಬಂದಾಗಲೆಲ್ಲ ಗುರುದತ್ ನಕ್ಕಿದ್ದ.

“ಆಂಬುಲೆನ್ಸ್... ಆಂಬುಲೆನ್ಸ್ ಕರೀತೀನಿ.”

“ಆಂಬುಲೆನ್ಸ್ ಕೂಡ ಈ ತೋಡು ದಾಟಿಯೇ ಹೋಗ್ಬೇಕಲ್ಲ ಮಾರಾಯ್ರೆ,” ಎಂದರು ಮುದುಕರು. ಕೋಪವಿರಲಿಲ್ಲ ಆ ದನಿಯಲ್ಲಿ, ಬರೀ ಸುಸ್ತು. “ಬನ್ನಿ.”

ಅವರ ಹಿತ್ತಲಿನ ತಗಡಿನ ಶೆಡ್ಡಿಗೆ ಕಿಟಕಿಯಿರಲಿಲ್ಲ. ಒಳಗೆ ಹೆಜ್ಜೆಯಿಟ್ಟರೆ ಹಗಲು ಅಲ್ಲಿಗೇ ಮುಗಿಯಿತು. ಮೊದಲು ಪೆಟ್ರೋಲು, ಒಣಹುಲ್ಲಿನ ವಾಸನೆ. ಅದರಡಿಯಿಂದ ಮೆಲ್ಲಗೆ ಅದೇ ಕೊಳೆತ ಸಮುದ್ರ. ಅಂಕಲ್ ಟಾರ್ಚ್ ಹಾಕಿದರು. ಮೂಲೆಯಲ್ಲಿ ಅಂಥದೇ ಕಂದು ಜಾಡಿ.

“ಇದು ನಮ್ಮ ಮನೆ ಅಡಿಯಲ್ಲಿ ಸಿಕ್ಕಿದ್ದು. ಎರಡನೇದು ಎಲ್ಲುಂಟು ಅಂತ ನಮಗೂ ಸರಿಯಾಗಿ ಗೊತ್ತಿರ್ಲಿಲ್ಲ.”

ಈ ಮನೆ ಮಾರಿದ ಮುದುಕಿ ತಡವಾಗಿ ತಮಗೆ ಹೇಳಿದ್ದನ್ನು ಅವರು ಹೇಳಿದರು. ಇನ್ನೂರು ವರ್ಷದ ಹಿಂದೆ, ಇಲ್ಲಿದ್ದ ಮೂಲನಿವಾಸಿ ನೂಂಗಾರ್ ಜನರನ್ನು ಒಂದು ಮಾತೂ ಕೇಳದೆ, ಸರಕಾರ ಅವರ ನೆಲವನ್ನು ಹಡಗಿಳಿದ ಬಿಳಿಯರಿಗೆ ಹಂಚುತ್ತಿತ್ತು. ಊಳಿಗಕ್ಕೆ ಜನ ಕರೆತಂದರೆ ತಲೆಗಿಷ್ಟು ಎಕರೆ. ಮಕ್ಕಳ ತಲೆಗೂ ಎಕರೆ. ಒಬ್ಬ ಧಣಿಯ ಆಳು ಹೆಂಗಸಿನ ಎರಡು ಮಕ್ಕಳು ದಾರಿಯಲ್ಲೇ, ಸಮುದ್ರದಲ್ಲೇ ತೀರಿಕೊಂಡವು. ಧಣಿ ಅವುಗಳನ್ನು ಬದುಕಿವೆಯೆಂದೇ ಹೇಳಿದ. ಈ ತೋಡಿನಿಂದ ನದಿಯವರೆಗಿನ ನೆಲ ಆ ಎರಡು ಹೆಸರಿನ ಮೇಲೆ ಸಿಕ್ಕಿದ್ದು.

“ಹೆಸರು ಹೊಡೆದುಹಾಕಿ ಅಂತ ಆ ತಾಯಿ ಅವನ ಕಾಲು ಹಿಡಿದಳಂತೆ. ಅವನು ನಗಾಡಿದ. ಸತ್ತವರ ಹೆಸರು ಕೂಗಿ, ಹಾಜರ್ ಅಂತ ಅವನೇ ಉತ್ತರ ಕೊಟ್ಟ.”

ಗುರುದತ್ ತನ್ನ ಬಾಯಿಯ ಮೇಲೆ ಕೈಯಿಟ್ಟುಕೊಂಡ.

“ಅವಳಿಗೆ ಅವಳ ಊರಿನ ಮಾಟ ಗೊತ್ತಿತ್ತು. ತೆಗೆದಿಟ್ಟಿದ್ದ ಮಕ್ಕಳ ಕೂದಲು, ಹಲ್ಲು ಒಬ್ಬೊಬ್ಬರದ್ದು ಒಂದೊಂದು ಜಾಡಿಯಲ್ಲಿ ಹಾಕಿ ಹುಗಿದಳು. ಮಗುವಿನ ಹೆಸರು ಹೇಳಿ ಈ ನೆಲ ತಗೊಂಡವನ ಮಗು ನೆಲಕ್ಕೇ ಸೇರ್ಲಿ, ದಾಟಿದ್ರೆ ನನ್ನ ಮಕ್ಕಳು ಕುಡಿದ ನೀರು ಕುಡೀಲಿ ಅಂತ. ನಾವು ಮನೆ ಆಶೀರ್ವಾದಕ್ಕೆ ಪಾದ್ರಿಯವರನ್ನು ಕರೆದಾಗ ನಾನು ಮಗನ ಹೆಸರು ಹೇಳಿದೆ.”

“ಆದ್ರೆ ನಿಮ್ಮ ಮಗ ಅಡಿಲೇಡ್‌ನಲ್ಲಿದಾರಲ್ಲ ಅಂಕಲ್?”

“ಅವನು ಅಲ್ಲಿದ್ದಾನೆ. ನಾನು ಇಲ್ಲಿದ್ದೇನೆ.”

ಟಾರ್ಚಿನ ಬೆಳಕಿನಲ್ಲಿ ಗುರುದತ್ ಜಾಡಿಯೊಳಗೆ ನೋಡಿದ. ಕೆಂಚು ಕೂದಲಿನ ಜೊತೆ ಒಂದು ಕಪ್ಪು ಕೂದಲಿನ ಗಂಟು.

“ಹೆಸರು ಹಿಂದೆ ಬರುದಿಲ್ಲ. ತಲೆ ಬದಲಿಸ್ಬಹುದು. ನಿಮ್ಮ ಕೂದಲು, ನಿಮ್ಮ ಉಗುರು, ನಿಮ್ಮ ಹೆಸರು. ಆಮೇಲೆ ಈ ನೆಲದ ಮೇಲೆ ನಿಮ್ಮ ಬಾಯಲ್ಲಿ ಮಗಳ ಹೆಸರು ಯಾವತ್ತೂ ಬರ್ಬಾರ್ದು. ಬಂತೋ, ಬದಲಿ ಮುರೀತದೆ. ಅದಕ್ಕೇ ಮಗನನ್ನು ಇಲ್ಲಿಗೆ ಬರ್ಬೇಡ ಅಂದದ್ದು. ಅಪ್ಪನ ಬಾಯಿ ಅಲ್ವಾ, ಎದುರಿಗೆ ಕಂಡರೆ ಜಾರ್ತದೆ. ಡುಲ್ಸಿನ್‌ಗೂ ಭಯ. ಅವನ ಹೆಸರು ಹೇಳ್ಲಿಕ್ಕೆ ಅಂತಲೇ ಅವಳು ಚರ್ಚಿಗೆ ಹೋಗುದು.”

ಇಂದುಮತಿ ಹೊರಗೆ ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು, ಒದ್ದೆ ಕೂದಲು ಒರೆಸುತ್ತ ಕೂತಿದ್ದಳು. ಗುರುದತ್ ಅವರ ಕಡೆ ನೋಡದೆ ತನ್ನ ಸೈಟಿನ ಗುಂಡಿಯ ಹತ್ತಿರ ಹೋದ. ಅಂಕಲ್ ಕೊಟ್ಟ ಕತ್ತರಿಯಿಂದ ಕೂದಲು ಕತ್ತರಿಸಿದ. ಉಗುರು ಕತ್ತರಿಸಿದ. ಜಾಡಿಗೆ ಹಾಕಿದ. ಕೈ ಒಳಗಿತ್ತು. ತನ್ನ ಹೆಸರು ಹೇಳಿದ. ಒಂದು. ಸೂಜಿ ಚುಚ್ಚಿತು. ಎರಡು. ಬೆರಳಿಗೆ ಬೆರಳು ತಗುಲಿತು. ಪುಟ್ಟ ಬೆರಳು. ತಣ್ಣಗಿತ್ತು. ಕೈ ಎಳೆದುಕೊಳ್ಳಬೇಕೆನಿಸಿತು. ಎಳೆಯಲಿಲ್ಲ. “ಗುರುದತ್! ಅವಳ ಬದಲು ನಾನು. ಹಾಜರ್.”

ಆ ಬೆರಳು ಅವನ ಹೆಬ್ಬೆರಳನ್ನು ಗಟ್ಟಿಯಾಗಿ ಹಿಡಿದು, ಬಿಟ್ಟಿತು.

ಇಂದುಮತಿ ಕಾರು ಓಡಿಸಿದಳು. ಇಷ್ಟಿಷ್ಟೇ, ಅಂಗುಲ ಅಂಗುಲವಾಗಿ. ಮೋರಿ ದಾಟಿತು. ಹಿಂದಿನ ಕಿಟಕಿಯಿಂದ ನಿಖಿತಾ ಕೈ ಬೀಸಿದಳು, ಕೆಮ್ಮಲಿಲ್ಲ. ಗುರುದತ್ ಹಿಂದೆಯೇ ನಡೆದುಹೋಗಿ ಮೋರಿಯಾಚೆ ಒಂದು ಕಾಲಿಟ್ಟ. ಬಾಯಿ ತುಂಬ ಉಪ್ಪು ನೀರು ಬಂತು. ಕಾಲು ಹಿಂದಕ್ಕೆ ತೆಗೆದು, ನೀರನ್ನು ರಸ್ತೆಗೆ ಉಗಿದು, ಅಲ್ಲೇ ಕುಳಿತು ಅತ್ತ. ಮುಜುಗರವಿಲ್ಲದೆ, ಗಟ್ಟಿಯಾಗಿ ಅತ್ತ.

ಇಂದುಮತಿ ಇಲ್ಲೇ ಇರುತ್ತೇನೆಂದು ಹಟ ಮಾಡಿದಳು. ನಾಲ್ಕು ದಿನ ಬಂದು ಹೋಗಿ ಮಾಡಿದರು, ಅವನು ಸೈಟಿನಲ್ಲಿ ಬಾಡಿಗೆಯ ಕ್ಯಾರವಾನಿನಲ್ಲಿ, ತಾಯಿ ಮಗಳು ಹಳೆಯ ಮನೆಯಲ್ಲಿ. ಐದನೆಯ ದಿನ ನಿಖಿತಾ ಇಟ್ಟಿಗೆ ರಾಶಿಯ ಮೇಲೆ ಹತ್ತಿ ಕಾಲು ಜಾರಿದಳು. “ನಿ—” ಎಂದವನು ತನ್ನ ನಾಲಿಗೆಯನ್ನು ತಾನೇ ಕಚ್ಚಿಕೊಂಡ. ಬಾಯಿ ತುಂಬ ರಕ್ತ. ಅದನ್ನು ನೋಡಿದ ಮೇಲೆ ಇಂದುಮತಿ ಹಟ ಬಿಟ್ಟಳು. ಅಡಿಲೇಡ್‌ನ ಬೆಡ್‌ಫರ್ಡ್ ಪಾರ್ಕಿನ ಆಸ್ಪತ್ರೆಯಲ್ಲಿ ಅವಳ ಹಳೆಯ ಕೆಲಸ ಮತ್ತೆ ಸಿಕ್ಕಿತು.

ಮಂಚದ ಕೆಳಗಿನ ಕಾರ್ಟನ್‌ಗಳು ಹನ್ನೆರಡನೆಯ ಮನೆಗಾಗಿ ಹೊರಬಂದವು.

ಈಗ ಅಲ್ಲಿ ಮನೆ ಎದ್ದಿದೆ. ಗುರುದತ್ ಮನೆಯಿಂದಲೇ ಗಣಿ ಕಂಪನಿಗೆ ಪಂಪುಗಳ ನಕ್ಷೆ ಬರೆಯುತ್ತಾನೆ. ಇನ್‌ಸ್ಪೆಕ್ಷನ್‌ಗೆ ಯಾರೂ ಬರುವುದಿಲ್ಲ. ಮಧ್ಯಾಹ್ನ ಇಸಿದೋರ್ ಅಂಕಲ್ ಜೊತೆ ಐವತ್ತು ಹೆಜ್ಜೆ ನಡೆಯುತ್ತಾನೆ. ಇಬ್ಬರೂ ಮೋರಿಯ ಬಳಿ ನಿಂತು ಆಚೆಯ ರಸ್ತೆ ನೋಡಿ ಹಿಂದಿರುಗುತ್ತಾರೆ. “ನಮ್ಮ ಹುಡುಗ ಫೋನ್ ಮಾಡಿದ್ದ,” ಅನ್ನುತ್ತಾರೆ ಅವರು. “ನಮ್ಮ ಹುಡುಗಿನೂ,” ಅನ್ನುತ್ತಾನೆ ಇವನು.

ಹೋದ ಭಾನುವಾರ ಅವಳ ಒಂಬತ್ತನೆಯ ಹುಟ್ಟುಹಬ್ಬ. ವಿಡಿಯೋದಲ್ಲಿ ಕೇಕು, ಮೇಣದಬತ್ತಿ. ಸುತ್ತ ನಿಂತವರೆಲ್ಲ ಹಾಡುತ್ತಿದ್ದರು. ಅವಳ ಹೆಸರು ಬರುವ ಸಾಲಿಗೆ ಗುರುದತ್ ತುಟಿ ಮುಚ್ಚಿ ಕೈಯಿಂದ ಅದುಮಿಕೊಂಡ. ನಿಖಿತಾ ಅದನ್ನೇ ನೋಡುತ್ತಿದ್ದಳು.

“ಡ್ಯಾಡ್, ಯು ನೆವರ್ ಸೇ ಮೈ ನೇಮ್ ಎನಿಮೋರ್.”

“ಪುಟ್ಟಿ ಅಂತೀನಲ್ಲ ಕಂದಾ.”

“ದಟ್ಸ್ ನಾಟ್ ಮೈ ನೇಮ್,” ಎಂದು ಅವಳು ಮುಖ ತಿರುಗಿಸಿ, ಫೋನನ್ನು ಅಮ್ಮನ ಕೈಗೆ ಕೊಟ್ಟು ಗೆಳತಿಯರ ಕಡೆ ಓಡಿದಳು.