ಎಡಗಡೆಯ ಕಾಯಿಲ್

ಗಾಜಿನಡಿ ಚೆಂಡು ಓಡಿಸಿ ಆಡುವ ಹಳೇ ಪಿನ್‌ಬಾಲ್ ಯಂತ್ರಗಳನ್ನು ರಿಪೇರಿ ಮಾಡುತ್ತಲೇ ನನ್ನ ತಲೆ ನರೆತಿದೆ. ಕೆಟ್ಟಿರುವುದು ಯಂತ್ರವೋ ಅದರ ಯಜಮಾನರ ಮಾತೋ ಎಂಬುದು ಮುಟ್ಟಿದರೆ ಗೊತ್ತಾಗುತ್ತದೆ. ಪಕ್ಕದ ಗುಂಡಿ ಒತ್ತಿದರೆ ಕರೆಂಟು ಹರಿದು, ಒಳಗಿನ ಕಾಯಿಲ್ ಎಂಬ ತಂತಿಸುರುಳಿ ಎಳೆದು, ಚೆಂಡು ತಡೆಯುವ ಪುಟ್ಟ ಬ್ಯಾಟು ಏಳುತ್ತದೆ. ಒತ್ತಿಯೇ ಹಿಡಿದರೆ ಕಾಯಿಲ್ ಬಿಸಿಯಾಗುತ್ತದೆ. ಅಷ್ಟೇ ವಿದ್ಯೆ.

ನಮ್ಮ ಬೀದಿಯ ಟೀಚರಮ್ಮ ಮನೆಗೆ ಕರೆಸಿ, ತೀರಿಹೋದ ತಮ್ಮ ಅಣ್ಣನ ಯಂತ್ರ ತೋರಿಸಿ, "ಸುಟ್ಟ ವಾಸನೆ ಬರ್ತಿದೆ, ನೋಡಿ" ಎಂದರು. ಒಳಗೆ ಕೈಯಿಟ್ಟೆ. ಎಡಗಡೆಯ ಕಾಯಿಲ್ ತಾಗಿ ಬೆರಳು ಚುರುಕ್ಕೆಂದಿತು.

"ಬೆಳಗ್ಗೆ ಯಾರು ಆಡಿದ್ರು?"

"ಯಾರೂ ಇಲ್ಲಪ್ಪ. ಅಣ್ಣ ಹೋದ ದಿನವೇ ಕರೆಂಟಿನ ವೈರ್ ಕತ್ತರಿಸಿ ಹಾಕಿದೀನಿ."

ವೈರು ನಿಜಕ್ಕೂ ಮೊಂಡಾಗಿತ್ತು. ಆಕೆ ಏನೋ ಮುಚ್ಚಿಡುತ್ತಿದ್ದಾರೆ ಎನ್ನಿಸಿ, ಯಂತ್ರವನ್ನು ನನ್ನ ಅಂಗಡಿಗೇ ಸಾಗಿಸಿ ಬೀಗ ಹಾಕಿದೆ. ಮರುದಿನ ಮಧ್ಯಾಹ್ನ ಮುಟ್ಟಿದರೆ ಅದೇ ಬಿಸಿ. ಇನ್ನೊಂದು ಬೀಗದ ಕೈ ಇರುವುದು ಹೆಂಡತಿಯ ಹತ್ತಿರ. ಕೇಳಿದರೆ, "ನನಗೇನು ಬೇರೆ ಕೆಲಸ ಇಲ್ವಾ?" ಎಂದು ಸಿಡುಕಿದಳು.

ನನಗೂ ರೇಗಿಹೋಯಿತು. ಕಾಯಿಲನ್ನೇ ಬಿಚ್ಚಿ ಮೇಜಿನ ಮೇಲಿಟ್ಟು, ಟೀಚರಮ್ಮನಿಗೆ ಫೋನ್ ಮಾಡಿ ಹೇಳಿದೆ.

"ತೆಗೆದೇಬಿಟ್ರಾ? ಅಣ್ಣ ಯಾವಾಗ್ಲೂ ಎಡಗಡೆ ಬ್ಯಾಟು ಎತ್ತಿ, ಚೆಂಡನ್ನ ಅಲ್ಲೇ ನಿಲ್ಲಿಸ್ಕೊಂಡು ಯೋಚನೆ ಮಾಡ್ತಿದ್ದ. ಈಗ ಹೇಗೆ ಹಿಡ್ಕೊತಾನೆ?"

ಬೆನ್ನ ಹಿಂದೆ ಟಕ್ ಎಂದಿತು. ತಿರುಗಿದೆ. ಯಂತ್ರದ ಎಡಗಡೆಯ ಗುಂಡಿ ತಾನಾಗಿಯೇ ಒಳಗೆ ಹೋಗುತ್ತಿತ್ತು, ಹೊರಗೆ ಬರುತ್ತಿತ್ತು, ಮತ್ತೆ ಒಳಗೆ, ಮತ್ತೆ ಹೊರಗೆ. ಬ್ಯಾಟು ಮಾತ್ರ ಏಳುತ್ತಿರಲಿಲ್ಲ.

ಕಾಯಿಲನ್ನು ಮತ್ತೆ ಕೂರಿಸಿದೆ. ಗುಂಡಿ ಒಳಗೆ ಹೋಯಿತು, ಬ್ಯಾಟು ಎದ್ದಿತು. ಗುಂಡಿ ಹೊರಗೆ ಬರಲಿಲ್ಲ.