ತುಂಬಿದ ಎರಡು ಕೊಳವೆಗಳು

ಟೀಚರಮ್ಮನ ಉಗುಳಿನ ಪರೀಕ್ಷೆಯ ವರದಿ ಬಂತು. ಅದರ ಪ್ರಕಾರ ಅವರಿಗೆ ರೋಗವೇ ಇರಲಿಲ್ಲ. ಇತ್ತ ಮಂಚದ ಮೇಲೆ ಟೀಚರಮ್ಮ ಉಸಿರಾಟದ ಮಾಸ್ಕ್ ಹಾಕಿಕೊಂಡು ಒಂದೊಂದು ಮಾತನ್ನೂ ಮೂರು ಕಂತಿನಲ್ಲಿ ಮುಗಿಸುತ್ತಿದ್ದರು.

ನರ ಸೋತು, ಎದೆಯ ಸ್ನಾಯು ಸೋತು, ಕೊನೆಗೆ ಉಸಿರೂ ಸೋಲುವ ಈ ವಂಶವಾಹಿ ಕಾಯಿಲೆಯನ್ನು ಗುರುತಿಸಿ, ಪ್ರಬಂಧ ಬರೆದವರು ನರರೋಗ ವಿಭಾಗದ ಡಾಕ್ಟರಮ್ಮ. ಹೊಸ ಜೀನ್ ಚಿಕಿತ್ಸೆಯ ಪ್ರಯೋಗದಲ್ಲಿ ಇನ್ನು ಒಂದೇ ಜಾಗ ಉಳಿದಿತ್ತು. ಜೀನಿನಲ್ಲಿ ದೋಷ ಸಿಕ್ಕರೆ ಅದು ಟೀಚರಮ್ಮನಿಗೆ. ಈ ತಿಂಗಳು ತಪ್ಪಿದರೆ ಬೇರೆಯವರ ಪಾಲು.

"ಉಗುಳು ಬದಲಾಗಿದೆ. ಇದು ಆ ಶ್ವಾಸಕೋಶದ ಡಾಕ್ಟರದೇ ಕೆಲಸ," ಎಂದು ಡಾಕ್ಟರಮ್ಮ ತೀರ್ಮಾನಿಸಿಬಿಟ್ಟರು. ಪ್ರಬಂಧದಲ್ಲಿ ತಮ್ಮ ಹೆಸರು ಎರಡನೆಯದಾಯಿತೆಂದು ಶ್ವಾಸಕೋಶದ ಡಾಕ್ಟರು ಅಂದಿನಿಂದಲೂ ಮುಖ ಊದಿಸಿಕೊಂಡಿದ್ದರು. ಲ್ಯಾಬಿಗೆ ಹೋಗುವ ಮುಂಚೆ ಉಗುಳು ತುಂಬಿದ ಕೊಳವೆಗಳು ಇದ್ದದ್ದೂ ಅವರ ಕೋಣೆಯ ಕಪಾಟಿನಲ್ಲೇ.

ಅದನ್ನು ಸಾಬೀತು ಮಾಡಲು ಡಾಕ್ಟರಮ್ಮನಿಗೆ ಸ್ವಂತ ಅಕ್ಕನನ್ನು ಕರೆಯದೆ ಗತಿಯಿರಲಿಲ್ಲ. ಅಪರಾಧ ವಿಭಾಗದಿಂದ ನಿವೃತ್ತರಾದ ಅವರನ್ನು ಊರೆಲ್ಲ ಪೊಲೀಸಕ್ಕ ಎನ್ನುತ್ತಿತ್ತು. ಡಾಕ್ಟರಮ್ಮನ ಮದುವೆಯ ದಿನವೂ ಜನ ಮಾತಾಡಿಕೊಂಡದ್ದು ಪೊಲೀಸಕ್ಕ ಮಂಟಪದ ಬಾಗಿಲಲ್ಲೇ ಹಿಡಿದ ಚಪ್ಪಲಿ ಕಳ್ಳನ ಬಗ್ಗೆ. ಅಕ್ಕನ ಎಲ್ಲ ಪ್ರಕರಣಗಳಲ್ಲೂ ನೆರಳಿನಂತೆ ಓಡಾಡಿದ ತಂಗಿ, ಎಲ್ಲರೆದುರು ಅಕ್ಕನನ್ನು ಹೊಗಳಿ ಒಳಗೊಳಗೇ ಉರಿದುಕೊಳ್ಳುತ್ತಿದ್ದರು.

ಪೊಲೀಸಕ್ಕ ಬಂದವರೇ ಕೇಳಿದರು: "ಉಗುಳು ತಗೊಂಡಿದ್ದು ಯಾರು?"

"ನಾನೇ," ಎಂದಳು ಪುಟ್ಟಿ. ಇವಳು ಟೀಚರಮ್ಮನ ತಂಗಿ. ನಲವತ್ತು ದಾಟಿದರೂ ಪುಟ್ಟಿಯೇ. ಅಕ್ಕನ ಮಗ್ಗುಲು ಬದಲಿಸುವುದು, ಊಟ ಮಾಡಿಸುವುದು, ಮಾಸ್ಕ್ ಸರಿಪಡಿಸುವುದು ಎಲ್ಲ ಅವಳದೇ. "ಬೇರೆಯವ್ರ ಮುಂದೆ ಉಗುಳೋಕೆ ಅಕ್ಕನಿಗೆ ನಾಚಿಕೆ. ಪರದೆ ಎಳೆದು ಅವಳದ್ದು ತಗೊಂಡೆ. ಹೋಲಿಸಿ ನೋಡೋಕೆ ನನ್ನದೂ ಬೇಕು ಅಂದಿದ್ರು, ಕೊಟ್ಟೆ. ಎರಡನ್ನೂ ಗೆರೆವರೆಗೆ ತುಂಬಿಸಿ ನರ್ಸ್ ಕೈಗೆ ಕೊಟ್ಟಿದೀನಿ."

ಟೀಚರಮ್ಮ ಸನ್ನೆ ಮಾಡಿ ನೀರು ಕೇಳಿದರು. ಮಾಸ್ಕಿನ ಗಾಳಿಗೆ ಬಾಯಿ ಒಣಗಿ ಅವರ ನಾಲಿಗೆ ಅಂಗುಳಿಗೆ ಅಂಟಿಕೊಂಡಿತ್ತು. ಪುಟ್ಟಿ ಒದ್ದೆ ಹತ್ತಿಯಿಂದ ತುಟಿ ಸವರಿದಳು. ಅದನ್ನು ನೋಡುತ್ತ ನಿಂತಿದ್ದ ಪೊಲೀಸಕ್ಕ ಹೊರಗೆ ಹೋಗಿ ಲ್ಯಾಬಿಗೆ ಫೋನ್ ಮಾಡಿದರು.

ಮಧ್ಯಾಹ್ನ ಎಲ್ಲರೂ ಟೀಚರಮ್ಮನ ಮಂಚದ ಸುತ್ತ ಸೇರಿದರು.

"ಕೊಳವೆ ಅದಲುಬದಲಾಗಿದ್ರೆ ದೋಷ ಪುಟ್ಟಿಯ ಕೊಳವೆಯಲ್ಲಿ ಸಿಗ್ಬೇಕಿತ್ತು," ಎಂದು ಪೊಲೀಸಕ್ಕ ಶುರುಮಾಡಿದರು. "ಅಲ್ಲೂ ಇಲ್ಲ. ಎರಡೂ ಒಬ್ಬರದೇನಾ ಅಂತ ಲ್ಯಾಬಿನವರನ್ನ ಕೇಳಿದೆ. ಹೌದಂತೆ, ಒಬ್ಬಳೇ ಹೆಂಗಸಿಂದು."

"ಹಾಗಾದ್ರೆ ಇವರೇ! ಪುಟ್ಟಿದನ್ನ ಎರಡಕ್ಕೂ ಹಂಚಿಬಿಟ್ಟಿದಾರೆ!" ಡಾಕ್ಟರಮ್ಮನ ಬೆರಳು ಶ್ವಾಸಕೋಶದ ಡಾಕ್ಟರ ಮೂಗಿನವರೆಗೂ ಹೋಯಿತು.

ಅವರು ಕೆಂಪಗಾದರು. "ನನಗೆ ಹೊಟ್ಟೆಕಿಚ್ಚು ಇರೋದು ನಿಜ ರೀ. ಆದ್ರೆ ಅದನ್ನ ಉಸಿರಿಗೆ ಒದ್ದಾಡೋರ ಮೇಲೆ ತೀರಿಸ್ಕೊಳ್ಳಲ್ಲ."

"ಕೂತ್ಕೊಳೇ," ಎಂದು ಪೊಲೀಸಕ್ಕ ತಂಗಿಯನ್ನು ಗದರಿದರು. "ಒಂದನ್ನ ಎರಡು ಮಾಡಿದ್ರೆ ಎರಡೂ ಅರ್ಧರ್ಧ ಆಗ್ಬೇಕು. ಲ್ಯಾಬಿಗೆ ಎರಡೂ ತುಂಬಿಯೇ ತಲುಪಿವೆ. ತುಟಿ ಒದ್ದೆ ಮಾಡೋಕೂ ಹತ್ತಿ ಬೇಕಾದವರು ಕೊಳವೆ ತುಂಬಿಸ್ತಾರಾ? ನೀವಿಬ್ಬರು ಡಾಕ್ಟರು ಒಬ್ಬರ ಮುಖ ಒಬ್ಬರು ನೋಡಿ ಉರ್ಕೊಂಡ್ರೇ ಹೊರತು ರೋಗಿಯ ಬಾಯಿ ನೋಡ್ಲಿಲ್ಲ." ಅವರು ಟೀಚರಮ್ಮನ ಕಡೆ ಬಾಗಿದರು. "ಅವತ್ತು ಎಷ್ಟು ಬಂತಮ್ಮಾ?"

"ನಾಲ್ಕು... ಹನಿ. ಸಾಕು... ಅಂದಳು."

ಎಲ್ಲರ ಕಣ್ಣೂ ಪುಟ್ಟಿಯ ಮೇಲೆ ಬಿತ್ತು.

"ಅವಳದ್ದನ್ನ ಬೇಸಿನ್ನಿಗೆ ಚೆಲ್ಲಿ ಎರಡನ್ನೂ ನಾನೇ ತುಂಬಿಸ್ದೆ," ಎಂದಳು ಡಾಕ್ಟರಮ್ಮನನ್ನೇ ನೋಡುತ್ತ. "ಬೆಳಗಾದ್ರೆ 'ಡಾಕ್ಟರಮ್ಮ ಬಂದ್ರಾ, ಡಾಕ್ಟರಮ್ಮ ಏನಂದ್ರು', ಇದೇ ಜಪ. ನಿದ್ದೆಗೆಟ್ಟವಳು ನಾನು, ದೇವರಾಗಿದ್ದು ನೀವು. ವಾಸಿಯಾದ್ಮೇಲೆ ಇವಳಿಗೆ ನಾನ್ಯಾಕೆ ಬೇಕು?"

ಡಾಕ್ಟರಮ್ಮ ಪೊಲೀಸಕ್ಕನ ಕಡೆ ತಿರುಗಿದರು. ಅಕ್ಕನ ಹೆಸರು ಕೇಳಿದಾಗಲೆಲ್ಲ ತಮ್ಮ ಎದೆಯಲ್ಲಿ ಏಳುತ್ತಿದ್ದ ಉರಿ ಇದೇ ಎಂದು ಗೊತ್ತಾಗಿ, ಅವರಿಗೆ ನಾಚಿಕೆಯಾಯಿತು.

"ರಕ್ತದಲ್ಲೂ ಪರೀಕ್ಷೆ ಮಾಡ್ಬಹುದು," ಎಂದರು ಶ್ವಾಸಕೋಶದ ಡಾಕ್ಟರು ಮೆಲ್ಲಗೆ. "ಇವತ್ತೇ ಕಳಿಸಿದ್ರೆ ತಿಂಗಳೊಳಗೆ ಉತ್ತರ ಬರುತ್ತೆ. ಪ್ರಯೋಗದವರ ಹತ್ರ ನಾನು ಮಾತಾಡ್ತೀನಿ."

ಡಾಕ್ಟರಮ್ಮ ಸೂಜಿ ತಂದರು. ಟೀಚರಮ್ಮನ ಕೈ ತಾನಾಗಿ ಏಳದು. ದಿನವೂ ಅದನ್ನು ಎತ್ತುತ್ತಿದ್ದವಳು ಈಗ ಗೋಡೆಗೆ ಅಂಟಿ ನಿಂತಿದ್ದಳು.

"ಪುಟ್ಟೀ," ಎಂದರು ಟೀಚರಮ್ಮ. "ವಾಸಿಯಾದ್ರೆ... ಮೊದಲು ನಿನ್ನ ಜೊತೆ... ಜಗಳ ಆಡ್ತೀನಿ. ಇಷ್ಟು ವರ್ಷ... ಉಸಿರು... ಸಾಲ್ತಿರಲಿಲ್ಲ."

ಪುಟ್ಟಿ ಸೆರಗಿನಿಂದ ಮೂಗೊರೆಸಿಕೊಂಡು ಬಂದು, ಅಕ್ಕನ ತೋಳನ್ನೆತ್ತಿ ಡಾಕ್ಟರಮ್ಮನ ಸೂಜಿಗೆ ಹಿಡಿದಳು.