ಕವೂಮಾನ ಹೆಸರಿದ್ದ ಗೋಡೆ

"ನಿಮ್ಮ ಫೋನ್ ಚಾರ್ಜ್ ತುಂಬಿದೆಯಲ್ಲ," ಎಂದಳು ನಾಂಟೊಂಗೊ.

"ಇನ್ನೊಂಚೂರು ಹಿಡಿಸಬಹುದು, ನ್ಯಾಬೊ. ಹಾಕಿ ನೋಡಿ," ಎಂದ ಲುತಾಯಾ. ಅವನು ಅವಳನ್ನು ಯಾವಾಗಲೂ ನ್ಯಾಬೊ, ಅಂದರೆ ಅಮ್ಮಾವ್ರೇ, ಎಂದೇ ಕರೆಯುತ್ತಿದ್ದ.

ಅವಳು ಚಾರ್ಜಿಗೆ ಹಾಕಿದಳು. ದುಡ್ಡು ಕೊಟ್ಟು ಹಾಕಿಸುವವನಿಗಿಲ್ಲದ ಚಿಂತೆ ಅವಳಿಗ್ಯಾಕೆ. ಅವನು ಅಂಗಡಿ ಮುಂದಿನ ಬೆಂಚಿನಲ್ಲಿ ಕೂತು, ರಸ್ತೆ ನೋಡುವವನಂತೆ ಮುಖವನ್ನು ಅತ್ತ ತಿರುಗಿಸಿ, ಕಣ್ಣನ್ನು ಮಾತ್ರ ಇತ್ತ ಇಟ್ಟುಕೊಂಡ. ಅವಳು ತಲೆಯೆತ್ತಿದರೆ ಆ ಕಣ್ಣು ಥಟ್ಟನೆ ಯಾವುದಾದರೂ ಲಾರಿಯನ್ನು ಹಿಡಿದುಕೊಳ್ಳುತ್ತಿತ್ತು. ಲಾರಿಯೇ ಬರದಿದ್ದಾಗ ಪಾಪ, ಪೇಚಾಡುತ್ತಿದ್ದ. ತಿಂಗಳಿಗೆ ನಾಲ್ಕೈದು ಸಲ ಇದೇ ನಾಟಕ. ನಾಂಟೊಂಗೊಗೆ ಎಲ್ಲ ಕಾಣುತ್ತಿತ್ತು. ಆದರೆ ಎಲ್ಲಿಯೂ ತಾಗುತ್ತಿರಲಿಲ್ಲ.

ಇವತ್ತು ಅವನು ಬರೀ ಫೋನ್ ಹಿಡಿದು ಬಂದಿರಲಿಲ್ಲ. ಏಣಿ, ನೇರಳೆ ಬಣ್ಣದ ಡಬ್ಬಗಳು, ಜೊತೆಗೆ ಸೆಂಪಿಜ್ಜಾ ಎಂಬ ಹಿರಿಯ ಪೇಂಟರ್ ಕೂಡ ಇದ್ದ.

ಮಸಾಕಾ ರಸ್ತೆಯ ಅಂಗಡಿಗಳ ಬಣ್ಣ ಅಂಗಡಿಯವರದ್ದಲ್ಲ, ಫೋನ್ ಕಂಪನಿಗಳದ್ದು. ಯಾರ ಕರೆನ್ಸಿ ಮಾರುತ್ತೀರೋ ಅವರ ಬಣ್ಣ ಪುಕ್ಕಟೆಯಾಗಿ ಗೋಡೆಗೆ ಬರುತ್ತದೆ, ಮೇಲೆ ಮಾಲೀಕರ ಹೆಸರನ್ನೂ ಬರೆದು ಕೊಡುತ್ತಾರೆ. ನಾಂಟೊಂಗೊಳ ಅಂಗಡಿ ಇಷ್ಟು ದಿನ ನೀಲಿಯಾಗಿತ್ತು. ಈಗ ಆ ಕಂಪನಿಯನ್ನು ಇನ್ಯಾರೋ ಕೊಂಡುಕೊಂಡರು, ಹಾಗಾಗಿ ಊರಿಗೆ ಊರೇ ನೇರಳೆಯಾಗಬೇಕಿತ್ತು. ದೊಡ್ಡವರು ರಾಜಧಾನಿ ಕಂಪಾಲಾದಲ್ಲಿ ಕೂತು ಕೈಕುಲುಕಿದರೆ ಇಲ್ಲಿಯ ಗೋಡೆಗಳು ಬಟ್ಟೆ ಬದಲಾಯಿಸಬೇಕು.

ಬಾಗಿಲ ಮೇಲೆ ದಪ್ಪ ಬಿಳಿ ಅಕ್ಷರಗಳಲ್ಲಿ 'ಕವೂಮಾ ಫೋನ್ ಅಂಗಡಿ' ಎಂದಿತ್ತು. ಅದನ್ನು ಬರೆದವನೂ ಲುತಾಯಾನೇ. ಆಗ ಅವಳ ಗಂಡ ಕವೂಮಾ ಕೆಳಗೆ ನಿಂತು, "ಇನ್ನೂ ದೊಡ್ಡದಾಗಿ ಬರಿ ಮಾರಾಯ, ಬಸ್ಸಲ್ಲಿ ಹೋಗೋರಿಗೆ ಕಾಣಬೇಕು" ಎಂದು ಕೂಗುತ್ತಿದ್ದ. ಎರಡು ವರ್ಷದ ಹಿಂದೆ ಅವನು ಹತ್ತಿದ ವ್ಯಾನು ಲಾರಿಗೆ ಗುದ್ದಿತು.

ನಾಂಟೊಂಗೊ ಅಳಲಿಲ್ಲ. ಮಣ್ಣು ಮಾಡಿದ ದಿನ ಅತ್ತೆ ನೆಲಕ್ಕೆ ಬಿದ್ದು ಗೋಳಾಡುವಾಗ ಇವಳು ಬಂದವರಿಗೆಲ್ಲ ಬೇಯಿಸಿದ ಬಾಳೆಕಾಯಿ ಸಾಲುತ್ತದೋ ಇಲ್ಲವೋ ಎಂದು ನೋಡುತ್ತಿದ್ದಳು. ಆಮೇಲೂ ಅಳು ಬರಲಿಲ್ಲ. ನಗುವೂ ಬರಲಿಲ್ಲ. ಹೊತ್ತು ನೋಡಿ ಉಣ್ಣುತ್ತಿದ್ದಳು, ಹೊತ್ತು ನೋಡಿ ಮಲಗುತ್ತಿದ್ದಳು. ಗಟ್ಟಿ ಹೆಂಗಸು ಎಂದರು ಜನ. ಗಟ್ಟಿಯೇನಲ್ಲ, ಒಳಗೆ ಏನೂ ಇರಲಿಲ್ಲ, ಅಷ್ಟೇ.

ಮಧ್ಯಾಹ್ನದ ಹೊತ್ತಿಗೆ ಗೋಡೆ ನೇರಳೆಯಾಯಿತು. ಕವೂಮಾನ ಹೆಸರಿನ ಸುತ್ತ ಮಾತ್ರ ಒಂದು ನೀಲಿ ಚೌಕ ಉಳಿದಿತ್ತು.

"ಅದೇನಯ್ಯ ಕಿಟಕಿ ಬಿಟ್ಟ ಹಾಗೆ ಬಿಟ್ಟಿದೀಯ?" ಸೆಂಪಿಜ್ಜಾ ಕೆಳಗಿನಿಂದ ಗದರಿದ. "ಸೂಪರ್‌ವೈಸರ್ ಫೋಟೋ ಕೇಳ್ತಾನೆ."

ನಾಂಟೊಂಗೊ ಹೊರಗೆ ಬಂದಳು. "ಅಳಿಸಿಬಿಡಿ. ನನ್ನ ಹೆಸರು ಬರೀರಿ."

ಲುತಾಯಾ ಏಣಿಯಿಂದ ಇಳಿದ. "ಇಲ್ಲ, ನ್ಯಾಬೊ."

"ಯಾಕೆ?"

"ಸಂತೇಲಿ ಟೊಮೇಟೊ ಕೇಳೋ ಹಾಗೆ ಹೇಳ್ತಿದೀರಿ. ನೋವಾಗಿ ಹೇಳಿದ ದಿನ ಅಳಿಸ್ತೀನಿ."

"ಆಗದೇ ಇದ್ರೆ?"

"ಆಗೋವರೆಗೂ ಕಾಯ್ತೀನಿ."

ಹೇಳಿ ತಾನೇ ಗಾಬರಿಯಾದವನಂತೆ ಕೈಯಲ್ಲಿದ್ದ ಬ್ರಷ್ಷನ್ನು ನೋಡಿದ. ಅವನ ಕೆನ್ನೆಗೆ, ಒಂದು ಹುಬ್ಬಿಗೆ ನೇರಳೆ ಮೆತ್ತಿತ್ತು. ಊಟ ತರುತ್ತೇನೆಂದು ರಸ್ತೆ ದಾಟಿ ಹೋದ.

ಅವನು ಅತ್ತ ಹೋಗಿದ್ದೇ ತಡ, ಸೆಂಪಿಜ್ಜಾ ಏಣಿ ಹತ್ತಿದ. "ಇವನ ಕಾವ್ಯ ಮುಗಿಯೋವರೆಗೆ ಕಾದ್ರೆ ನಾನು ಮನೆ ಸೇರಿದ ಹಾಗೇ," ಎಂದು ಗೊಣಗಿ ಬ್ರಷ್ ಎಳೆದ. ಕವೂಮಾ ಹೋದ. ಅಂಗಡಿಯೂ ಹೋಯಿತು. ನಾಂಟೊಂಗೊ ನಿಂತು ನೋಡಿದಳು. ಏನಾದರೂ ಆಗಬಹುದೆಂದು ಕಾದಳು. ಒಂದು ಬಸ್ಸು ಹಾದುಹೋಯಿತು. ಗೋಡೆ ಗೋಡೆಯಾಗಿಯೇ ಇತ್ತು.

ಲುತಾಯಾ ಎರಡು ಪೊಟ್ಟಣ ಹಿಡಿದು ಬಂದ. ಒಂದು ಅವಳಿಗೆ, ಕಡಲೆಕಾಯಿ ಸಾರು ಹಾಕಿದ್ದು. ಗೋಡೆ ನೋಡಿದವನು ಜಗಳವಾಡಲಿಲ್ಲ.

"ನೀವು ನೋಡ್ತಾ ಇದ್ರಾ?"

"ಇದ್ದೆ. ಏನೂ ಆಗಲಿಲ್ಲ."

ಅವನು ತಲೆಯಾಡಿಸಿ ಏಣಿ ಹತ್ತಿ ಅವಳ ಹೆಸರು ಬರೆದ. ಒಂದೊಂದು ಅಕ್ಷರವನ್ನೂ ನಿಧಾನವಾಗಿ, ಮುಗಿಯುವುದೇ ಬೇಡವೆಂಬಂತೆ. ಮುಗಿಯಿತು. ಇಳಿದು ಬ್ರಷ್ಷುಗಳನ್ನು ತೊಳೆದು ಕಟ್ಟತೊಡಗಿದ.

"ಎಲ್ಲ ಗಂಟು ಕಟ್ತಿದೀರಲ್ಲ," ಎಂದಳು.

ಉತ್ತರ ಕೊಟ್ಟವನು ಸೆಂಪಿಜ್ಜಾ. "ಇದೇ ಕೊನೇ ಗೋಡೆ. ಇನ್ಮೇಲೆ ಪ್ಲಾಸ್ಟಿಕ್ ಹಾಳೆ ಅಂಟಿಸ್ತಾರಂತೆ, ಪೇಂಟರ್ ಬೇಡವಂತೆ. ಇವನು ದೂರದ ಉತ್ತರಕ್ಕೆ, ಗುಲು ಪಟ್ಟಣಕ್ಕೆ ಹೋಗ್ತಿದಾನೆ, ಕಟ್ಟಡದ ಕೆಲಸಕ್ಕೆ. ಹೇಳಿಲ್ವಾ?"

"ಇಲ್ಲ. ಯಾವಾಗ?"

"ನಾಳೆ," ಎಂದ ಲುತಾಯಾ. "ಹೇಳಿದ್ರೆ ನೀವು 'ಹೋಗಿ ಬನ್ನಿ' ಅಂತಿದ್ರಿ. ಅದನ್ನ ಕೇಳೋ ಧೈರ್ಯ ಇರಲಿಲ್ಲ."

ನಿಜ, ಹಾಗೆಯೇ ಅನ್ನುತ್ತಿದ್ದಳು. ಈಗಲೂ ಅದನ್ನೇ ಹೇಳಲು ಬಾಯಿ ತೆರೆದಳು. ಹೇಳದೆ ಮುಚ್ಚಿದಳು. ಕಣ್ಣು ಉರಿಯಿತು. ಬಣ್ಣದ ವಾಸನೆ ಇರಬೇಕು ಎಂದುಕೊಂಡು ಕಟ್ಟೆಗೆ ಕೈ ಊರಿದಳು. ವಾಸನೆಯಲ್ಲ. ನೋವು. ಗಂಡನ ಹೆಸರು ಹೋದಾಗ ಬಾರದ ನೋವು ಈ ಮನುಷ್ಯ ಗಂಟು ಕಟ್ಟುವಾಗ ಬಂದಿತ್ತು. ಅವಳಿಗೆ ನಾಚಿಕೆಯಾಯಿತು. ಕವೂಮಾನ ಮೇಲೆ, ಇವನ ಮೇಲೆ, ತನ್ನ ಮೇಲೆ ಸಿಟ್ಟೂ ಬಂತು. ಎಷ್ಟು ಕಾಲವಾಗಿತ್ತು ಸಿಟ್ಟು ಬಂದು.

ಲುತಾಯಾ ಏಣಿಯನ್ನು ಹೆಗಲಿಗೇರಿಸಿದ.

"ಅಂಗಡಿ ಹಿಂದಿನ ಗೋಡೆ ಹಾಗೇ ಇದೆ," ಎಂದಳು.

"ಅದಕ್ಕೆ ಕಂಪನಿ ಬಣ್ಣ ಕೊಡಲ್ಲ, ನ್ಯಾಬೊ. ರಸ್ತೆಗೆ ಕಾಣಲ್ಲವಲ್ಲ."

"ನನಗೆ ಕಾಣುತ್ತೆ."

ಅವನು ತಿರುಗಿ ಅವಳನ್ನು ನೋಡಿದ. ನೇರವಾಗಿ, ಕಳ್ಳತನವಿಲ್ಲದೆ.

"ಯಾವ ಬಣ್ಣ ಬೇಕು?"

ಅವಳು ಯೋಚಿಸಿದಳು. ಕಣ್ಣು ತುಂಬಿ ಹರಿಯತೊಡಗಿತು. ಒರೆಸಿಕೊಳ್ಳಲಿಲ್ಲ.

"ಗೊತ್ತಿಲ್ಲ," ಎಂದಳು. "ಗೊತ್ತಾಗೋವರೆಗೂ ಇಲ್ಲೇ ಇರು."

ಲುತಾಯಾ ಏಣಿಯನ್ನು ಕೆಳಗಿಟ್ಟ.